ತಲೆನೋವಿನ ಮಾತ್ರೆಗೂ ಒಂದು ಲೆಕ್ಕವಿರಲಿ
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಬೆಳ್ಳಿಹಬ್ಬದ ಈ ಶುಭ ಸಂದರ್ಭದಲ್ಲಿ ಸಾಲ, ಗೊಬ್ಬರ, ಷೇರು ಹಣದ ವಿಚಾರ ಎಲ್ಲರೂ ಚೆನ್ನಾಗಿ ಮಾತಾಡಿದ್ದಾರೆ. ನಾವು ಎಸ್ಸೆಸ್ಸೆಲ್ಸಿ ಓದಿದ ರೈತರು, ಡಾಕ್ಟರಲ್ಲ. ಆದರೂ ತಲೆನೋವಿನ ಮಾತ್ರೆ ವಿಚಾರವಾಗಿ ಎರಡು ಮಾತು ಹೇಳೋಣ ಅಂತ ನಿಂತಿದ್ದೇವೆ. ಯಾಕೆಂದರೆ ಅದರಲ್ಲಿ ನಾವೇ ಪೆಟ್ಟು ತಿಂದವರು.

2023ರಲ್ಲಿ ಮಳೆ ಕೈಕೊಟ್ಟಿತು, ಕನ್ನಂಬಾಡಿ ಕಟ್ಟೆ ತುಂಬಲಿಲ್ಲ. ನಮ್ಮ ಕಬ್ಬು ಒಣಗಿತು. ಬೋರಿಗೆ ಮಾಡಿದ ಸಾಲ ಹಾಗೇ ನಿಂತಿತು, ಮಗಳ ಕಾಲೇಜು ಫೀಸು ಬೇರೆ. ಸಂಜೆಯಾದರೆ ಹಣೆ ಸುತ್ತ ಹಗ್ಗ ಹಾಕಿ ಬಿಗಿದ ಹಾಗೆ ನೋವು, ಕತ್ತು ಹೆಗಲೆಲ್ಲ ಸೆಳೆತ. ಅಂಗಡಿಯಿಂದ ಬಿಡಿ ಮಾತ್ರೆ ತಂದು, ಹೆಸರೂ ನೋಡದೆ ನುಂಗಿದೆವು. ನೋವು ಹೋಯಿತು. ಮೊದಲು ವಾರಕ್ಕೊಂದು, ಆಮೇಲೆ ದಿನಕ್ಕೊಂದು, ಆರು ತಿಂಗಳಲ್ಲಿ ದಿನಕ್ಕೆ ಮೂರು. ಕೊನೆಗೆ ಬೆಳಿಗ್ಗೆ ಏಳುವಾಗಲೇ ತಲೆನೋವು. ಹೊಟ್ಟೆಯಲ್ಲಿ ಉರಿ. ಮಲ ಕಪ್ಪಗೆ ಹೋದಾಗ ಮನೆಯವರು ಹೆದರಿ ಮಂಡ್ಯಕ್ಕೆ ಕರೆದುಕೊಂಡು ಹೋದರು. ಡಾಕ್ಟರು ಕೇಳಿದ ಮೊದಲ ಮಾತು, "ತಿಂಗಳಿಗೆ ಎಷ್ಟು ಮಾತ್ರೆ ನುಂಗ್ತೀರಿ ಯಜಮಾನ್ರೇ?" ಸಂಘದ ಲೆಕ್ಕವನ್ನು ಪೈಸೆ ಸಮೇತ ಹೇಳುವ ನಮಗೆ ಈ ಲೆಕ್ಕ ಗೊತ್ತಿರಲಿಲ್ಲ.

ಅವರು ಹೇಳಿದ್ದು ಇಷ್ಟು. ಇದಕ್ಕೆ ಟೆನ್ಷನ್ ತಲೆನೋವು ಅಂತಾರೆ. ಬೆಂಗಳೂರಿನ ನಿಮ್ಹಾನ್ಸ್‌ನವರು ಬೆಂಗಳೂರು ಸುತ್ತಿನ ಪೇಟೆ ಮತ್ತು ಹಳ್ಳಿಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿದಾಗ, ನೂರಕ್ಕೆ 60ಕ್ಕೂ ಹೆಚ್ಚು ಜನಕ್ಕೆ ವರ್ಷದೊಳಗೆ ತಲೆನೋವು ಬಂದಿತ್ತು. ನೂರಕ್ಕೆ ಸುಮಾರು 35 ಜನಕ್ಕೆ ಈ ಟೆನ್ಷನ್ ತಲೆನೋವು. ಇದು ನಾಚಿಕೆ ಪಡುವ ಕಾಯಿಲೆಯಲ್ಲ. ಆದರೆ ತಿಂಗಳಿಗೆ 15 ದಿನ, ಬೆರಕೆ ಮಾತ್ರೆಯಾದರೆ 10 ದಿನ, ಹೀಗೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ನುಂಗುತ್ತಾ ಹೋದರೆ ಮಾತ್ರೆಯೇ ತಲೆನೋವು ತರುತ್ತದೆ. ಸಂಘದವರಿಗೆ ಇದು ಬೇಗ ಅರ್ಥವಾದೀತು: ಸಾಲ ತೀರಿಸೋಕೆ ಸಾಲ ಮಾಡಿದ ಹಾಗೆ. ಅಸಲು ಅಲ್ಲೇ ಇರುತ್ತೆ, ಬಡ್ಡಿ ಬೆಳೆಯುತ್ತೆ.

ಆದ್ದರಿಂದ ನಾವು ಕಲಿತ ಕೆಲವು ವಿಷಯ ಹೇಳುತ್ತೇವೆ.

ಒಂದು, ಬಿಡಿ ಮಾತ್ರೆ ತರಬೇಡಿ. ಹೆಸರು, ತಾರೀಖು ಕಾಣುವ ಹಾಗೆ ಪಟ್ಟಿ ಸಮೇತ ಕೇಳಿ. ಪಟ್ಟಿಯ ಮೇಲೆ ಕೆಂಪು ಗೆರೆ ಇದ್ದರೆ ಅದು ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ ಔಷಧಿ.

ಎರಡು, ಪ್ಯಾರಾಸಿಟಮಾಲ್ ಆದರೂ ಅಳತೆ ಮೀರಬಾರದು. 500ರ ಮಾತ್ರೆಯಾದರೆ ದೊಡ್ಡವರಿಗೆ ಒಂದು ಅಥವಾ ಎರಡು, ಮತ್ತೆ ತಗೊಳ್ಳೋಕೆ ಆರು ಗಂಟೆ ಅಂತರ, ದಿನಕ್ಕೆ ಎಂಟು ಮೀರಲೇಬಾರದು. ಕುಡಿಯುವವರು, ಲಿವರ್ ತೊಂದರೆಯವರು, ಬಡಕಲು ಮೈಯವರು ಅಷ್ಟನ್ನೂ ತಗೊಳ್ಳುವಂತಿಲ್ಲ, ಡಾಕ್ಟರನ್ನು ಕೇಳಬೇಕು. ನೆಗಡಿ ಮಾತ್ರೆಯಲ್ಲೂ ಇದೇ ಪ್ಯಾರಾಸಿಟಮಾಲ್ ಇರುವುದುಂಟು. ಎರಡೂ ಸೇರಿದರೆ ಲೆಕ್ಕ ತಪ್ಪುತ್ತೆ.

ಮೂರು, ಐಬುಪ್ರೊಫೆನ್, ಡೈಕ್ಲೊಫೆನಾಕ್ ಇಂಥವನ್ನು ಖಾಲಿ ಹೊಟ್ಟೆಗೆ ನುಂಗಬೇಡಿ. ಹೊಟ್ಟೆ ಹುಣ್ಣು, ಕಿಡ್ನಿ, ಹೃದಯ, ಬಿ.ಪಿ. ತೊಂದರೆ ಇರುವವರು, ಬಸುರಿ ಹೆಣ್ಣುಮಕ್ಕಳು ಕೇಳದೆ ಮುಟ್ಟಲೇಬಾರದು.

ನಾಲ್ಕು, ತಲೆನೋವು ಪದೇ ಪದೇ ಬಂದರೆ ಡಾಕ್ಟರು ರಾತ್ರಿಗೆ ಅಮಿಟ್ರಿಪ್ಟಿಲಿನ್ ಎಂಬ ಮಾತ್ರೆ ಬರೆದುಕೊಡುವುದುಂಟು. ನಮಗೂ ಬರೆದರು. ಅದು ನೋವು ಬಂದಾಗ ನುಂಗುವುದಲ್ಲ, ಬರದ ಹಾಗೆ ತಡೆಯುವುದು. ಗುಣ ಕಾಣೋಕೆ ಕೆಲವು ವಾರ ಬೇಕು. ಬಾಯಿ ಒಣಗುತ್ತೆ, ತೂಕಡಿಕೆ ಬರುತ್ತೆ. ಆ ಮಂಪರಿನಲ್ಲಿ ಟ್ರಾಕ್ಟರು, ಬೈಕು ಬೇಡ. ಹೇಳದೆ ಕೇಳದೆ ನಿಲ್ಲಿಸುವುದೂ ಬೇಡ, ನಮಗೆ ಗುಣವಾಯಿತು ಅಂತ ಪಕ್ಕದ ಮನೆಯವರಿಗೆ ಕೊಡುವುದೂ ಬೇಡ. ಅದೇ ರೀತಿ, ನಿದ್ದೆಗೆ ಅಂತ ಆಲ್ಪ್ರಜೋಲಾಮ್ ರೂಢಿಯಾದವರು ಡಾಕ್ಟರ ಮುಂದೆ ಮುಚ್ಚಿಡದೆ ಹೇಳಿ ನಿಧಾನವಾಗಿ ಬಿಡಬೇಕು.

ಐದು, ಎಲ್ಲ ತಲೆನೋವೂ ಟೆನ್ಷನ್ನಿನದಲ್ಲ. ಸಿಡಿಲು ಬಡಿದ ಹಾಗೆ ಒಮ್ಮೆಲೇ ಬಂದರೆ, ಜ್ವರದ ಜೊತೆ ಕತ್ತು ಬಿಗಿದರೆ, ಕೈಕಾಲು ಸೋತು ಮಾತು ತೊದಲಿದರೆ, ತಲೆಗೆ ಏಟು ಬಿದ್ದ ಮೇಲೆ ಬಂದರೆ ಮಾತ್ರೆ ಹುಡುಕದೆ 108ಕ್ಕೆ ಫೋನು ಮಾಡಿ. ಔಷಧಿ ಸಿಂಪಡಿಸಿ ಬಂದ ದಿನ ತಲೆನೋವಿನ ಜೊತೆ ವಾಂತಿ, ಜೊಲ್ಲು, ಬೆವರು ಬಂದರೆ ಅದು ವಿಷ ಹತ್ತಿರುವುದು. ಡಬ್ಬಿ ಸಮೇತ ಆಸ್ಪತ್ರೆಗೆ ಓಡಿ.

ನಾವು ಬಿಡಿ ಮಾತ್ರೆ ನಿಲ್ಲಿಸಿದ ಮೊದಲ ಹತ್ತು ದಿನ ನೋವು ಇನ್ನೂ ಜಾಸ್ತಿಯಾಯಿತು. ಡಾಕ್ಟರು ಮೊದಲೇ ಹೇಳಿದ್ದರಿಂದ ತಡೆದುಕೊಂಡೆವು. ಎರಡು ತಿಂಗಳಲ್ಲಿ ತಲೆ ಹಗುರವಾಯಿತು. ಈಗ ಗೋಡೆಯ ಕ್ಯಾಲೆಂಡರಿನಲ್ಲಿ ಮಾತ್ರೆ ನುಂಗಿದ ದಿನಕ್ಕೆ ಗುರುತು ಹಾಕುತ್ತೇವೆ. ವಾರಕ್ಕೆ ಎರಡು ದಿನ ದಾಟುವ ಹಾಗಿದ್ದರೆ ಆಸ್ಪತ್ರೆಗೆ ಹೋಗುತ್ತೇವೆ.

ಕೊನೆಯದಾಗಿ ಒಂದು ಮಾತು. ಮಾತ್ರೆ ನೋವು ತಗ್ಗಿಸಬಹುದು, ಸಾಲದ ಚಿಂತೆ ತಗ್ಗಿಸೋದಿಲ್ಲ. 2015ರಲ್ಲಿ ನಮ್ಮ ಜಿಲ್ಲೆ ಎಷ್ಟು ಮಂದಿ ರೈತರನ್ನು ಕಳೆದುಕೊಂಡಿತು ಎಂಬುದನ್ನು ನಾವ್ಯಾರೂ ಮರೆತಿಲ್ಲ. ಮನಸ್ಸು ಭಾರವಾದರೆ 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ಖರ್ಚಿಲ್ಲ. ಕಂತು ಕಟ್ಟಲಾಗದಿದ್ದರೆ ಮುಖ ತಪ್ಪಿಸಬೇಡಿ, ಸಂಘಕ್ಕೆ ಬನ್ನಿ. ಕೂತು ಮಾತಾಡೋಣ. ನಾವೂ ಆ ಬೆಂಚಿನ ಮೇಲೆ ತಲೆ ಹಿಡಿದು ಕೂತಿದ್ದವರೇ.