ಸಾಕಿದ ಕೈಯ ಋಣ

ಕನ್ನಡದಲ್ಲಿ ‘ಸಾಕುಪ್ರಾಣಿ’ ಎಂಬುದು ಬಲು ವಿಶಾಲವಾದ ಮಾತು. ದೊಡ್ಡಿಯ ಕುರಿ, ಅಂಗಳದ ಕೋಳಿ, ಹೊಸ್ತಿಲ ಬಳಿ ಮಲಗುವ ನಾಯಿ, ಒಲೆಯ ಮಗ್ಗುಲಿನ ಬೆಕ್ಕು ಎಲ್ಲವೂ ಅದರಲ್ಲಿ ಅಡಕ. ಯಾವುದು ತಟ್ಟೆಗೆ, ಯಾವುದು ಮಡಿಲಿಗೆ ಎಂಬ ವಿಭಾಗವನ್ನು ಆ ಶಬ್ದ ಮಾಡುವುದಿಲ್ಲ, ಮಾಡುವವರು ನಾವು. ಅದಕ್ಕೆ ಧರ್ಮದ ಆಧಾರವಿದೆಯೇ, ಅಥವಾ ಅದು ಬರಿಯ ರೂಢಿಯೇ? ಈ ಪ್ರಶ್ನೆಯನ್ನು ಇಂದು ತಮ್ಮ ಮುಂದಿಡಬಯಸುತ್ತೇನೆ.

2020ರ ಜುಲೈಯಲ್ಲಿ ನಾಗಾಲ್ಯಾಂಡ್ ಸರ್ಕಾರ ನಾಯಿಮಾಂಸದ ಮಾರಾಟವನ್ನು ನಿಷೇಧಿಸಿತು. ಬಾಯಿ ಬಿಗಿದು ಗೋಣಿಚೀಲಗಳಲ್ಲಿ ಕಟ್ಟಿದ ನಾಯಿಗಳ ಚಿತ್ರಗಳು ಅದಕ್ಕೆ ಮುನ್ನ ಹಲವರಲ್ಲಿ ಮರುಕ ಹುಟ್ಟಿಸಿದ್ದವು. ಆದರೆ 2023ರ ಜೂನ್ ತಿಂಗಳಲ್ಲಿ ಗುವಾಹಟಿ ಉಚ್ಚ ನ್ಯಾಯಾಲಯದ ಕೊಹಿಮಾ ಪೀಠ ಆ ಆದೇಶವನ್ನು ರದ್ದುಗೊಳಿಸಿತು. ಆದೇಶ ಹೊರಡಿಸಿದವರಿಗೆ ಆ ಅಧಿಕಾರವಿರಲಿಲ್ಲವೆಂದೂ, ನಾಗಾ ಜನರಲ್ಲಿ ಅದು ಇಂದಿಗೂ ಒಪ್ಪಿತವಾದ ಆಹಾರವೆಂದೂ ಹೇಳಿತು.

ಇಂಥ ಸುದ್ದಿಗೆ ಮೂಗು ಮುರಿಯುವವರು ನಮ್ಮಲ್ಲಿ ಉಂಟು. ಅವರಲ್ಲಿ ಕೆಲವರು ಭಾನುವಾರ ಬಾಡೂಟ ಉಣ್ಣುವವರೇ. ಹೇಸಿಗೆಯೆಂಬುದು ನಾಲಗೆಯ ಅಭ್ಯಾಸ. ಅದನ್ನು ನೀತಿಯೆಂದು ಭ್ರಮಿಸಲಾಗದು. ನಾಯಿಗಾಗುವಂತೆ ಆಡಿಗೂ ನೋವಾಗುತ್ತದೆ.

ಹಾಗಾದರೆ ನಾಯಿಯ ಪರವಾಗಿ ಹೇಳುವುದೇನೂ ಇಲ್ಲವೇ? ಇದೆ. ಮಹಾಪ್ರಸ್ಥಾನದ ಕೊನೆಯಲ್ಲಿ ಧರ್ಮರಾಯ, ತನ್ನನ್ನು ಹಿಂಬಾಲಿಸಿ ಬಂದ ನಾಯಿಯನ್ನು ತೊರೆದು ಸ್ವರ್ಗಕ್ಕೆ ಹೋಗಲು ಒಪ್ಪಲಿಲ್ಲ. ನಂಬಿ ಬಂದುದನ್ನು ಕೈಬಿಡುವುದು ಅವನಿಗೆ ಪಾಪವಾಗಿ ತೋರಿತು. ಋಣ ಹುಟ್ಟುವುದು ಪ್ರಾಣಿಯ ಜಾತಿಯಿಂದಲ್ಲ, ಅದರ ನಂಬಿಕೆಯಿಂದ.

ಈ ಮಾತನ್ನು ಒಪ್ಪಿದರೆ ಅದು ನಾಯಿಯ ಬಳಿಯೇ ನಿಲ್ಲುವುದಿಲ್ಲ. ನನ್ನ ಬಾಲ್ಯದಲ್ಲಿ ಮಾರಿಹಬ್ಬಕ್ಕೆಂದು ನಮ್ಮ ಮನೆಯಲ್ಲೊಂದು ಟಗರು ಸಾಕಿದ್ದರು. ಅಜ್ಜಿಯ ದನಿ ಕೇಳಿದರೆ ಸಾಕು, ಹಗ್ಗ ಜಗ್ಗುತ್ತಿತ್ತು. ಹಬ್ಬದ ದಿನ ಅಜ್ಜಿ ಎಲ್ಲರಿಗೂ ಬಡಿಸಿ, ತಾನು ಮಾತ್ರ ಸೊಪ್ಪಿನ ಸಾರಿನಲ್ಲಿ ಮುದ್ದೆ ಉಂಡಳು. ಏಕೆಂದು ಕೇಳಿದೆ. “ಕೈಯಾರೆ ಮೇವು ಹಾಕಿವ್ನಿ ಕಣಪ್ಪ, ಹೆಂಗೆ ತಿನ್ಲಿ?” ಎಂದಳು. ನಾನು ಉಂಡೆ. ಆ ಮಾತು ಮಾತ್ರ ಇಂದಿಗೂ ಜೀರ್ಣವಾಗಿಲ್ಲ. ಅಜ್ಜಿ ಯಾರನ್ನೂ ತಡೆಯಲಿಲ್ಲ, ಹಳಿಯಲಿಲ್ಲ. ತನ್ನ ಋಣವನ್ನಷ್ಟೇ ತಾನು ಅರಿತಳು.

ದಕ್ಷಿಣ ಕೊರಿಯಾದಲ್ಲಿ ನಾಯಿಯನ್ನು ಮನೆಯೊಳಗೆ ಸಾಕುವವರು ಹೆಚ್ಚಿದಂತೆ ಅದನ್ನು ತಿನ್ನುವವರು ಕಡಿಮೆಯಾದರು. ಆ ಬಳಿಕ, 2024ರ ಜನವರಿಯಲ್ಲಿ, ಅಲ್ಲಿನ ಸಂಸತ್ತು ಮಾಂಸಕ್ಕಾಗಿ ನಾಯಿಯ ಸಾಕಣೆ, ವಧೆ, ಮಾರಾಟಗಳನ್ನು ನಿಷೇಧಿಸುವ ಕಾನೂನು ಮಾಡಿತು. ಕಸುಬು ಬದಲಿಸಿಕೊಳ್ಳಲು ಮೂರು ವರ್ಷಗಳ ಅವಕಾಶ ಕೊಟ್ಟಿತು. ತಿನ್ನುವವನನ್ನು ಮಾತ್ರ ಅಪರಾಧಿಯೆನ್ನಲಿಲ್ಲ. ಮನಸ್ಸು ಮೊದಲು ಬದಲಾಯಿತು, ಕಾನೂನು ಹಿಂದೆ ಬಂದಿತು.

ಗೋಣಿಚೀಲದ ಕ್ರೌರ್ಯವನ್ನು ಕಾನೂನು ತಡೆಯಲೇಬೇಕು. ಅದು ನಾಯಿಗಿರಲಿ, ಕೋಳಿಗಿರಲಿ. ಆದರೆ ನೆರೆಯವರ ತಟ್ಟೆಯನ್ನು ತೂಗುವ ಮುನ್ನ, ನಮ್ಮ ಕೈಯಿಂದ ಮೇವುಂಡು ನಮ್ಮನ್ನು ನಂಬಿದ ಜೀವಕ್ಕೆ ನಾವೇನು ಸಲ್ಲಿಸಬೇಕೆಂದು ಕೇಳಿಕೊಳ್ಳುವುದು ಲೇಸು. ಆ ಲೆಕ್ಕವನ್ನು ನಮ್ಮ ಅಜ್ಜಿ ಅಕ್ಷರ ಕಲಿಯದೆಯೇ ಬಲ್ಲವಳಾಗಿದ್ದಳು.