ಲೋಕವಾರ್ತೆಯೂ ಲೋಕದ ಮಾತೂ

ಪ್ರಪಂಚದ ರಾಜಕೀಯ ವಿಚಾರದಲ್ಲಿ ಸಾಮಾನ್ಯ ಮನುಷ್ಯನ ಅಭಿಪ್ರಾಯಕ್ಕೆ ಬೆಲೆಯುಂಟೆ, ಇಲ್ಲವೆ? ಇದು ಇಂದಿನ ನಮ್ಮ ಪ್ರಶ್ನೆ. ಇದಕ್ಕೆ ಎರಡು ಸಿದ್ಧ ಉತ್ತರಗಳು ಬಹುಕಾಲದಿಂದ ಚಲಾವಣೆಯಲ್ಲಿವೆ. ರಾಯಭಾರಿಗಳೂ ಸೇನಾಪತಿಗಳೂ ಅರ್ಥಶಾಸ್ತ್ರಜ್ಞರೂ ಕುಳಿತು ಬಗೆಹರಿಸಲಾರದ ವಿಷಯದಲ್ಲಿ ಬೀದಿಯಲ್ಲಿ ಹೋಗುವವನಿಗೆ ಏನು ತಿಳಿದೀತು ಎನ್ನುವುದು ಒಂದು. ಜನರೇ ಜನಾರ್ದನ, ಅವರ ಮಾತೇ ಸತ್ಯ ಎನ್ನುವುದು ಇನ್ನೊಂದು. ಮೊದಲನೆಯದನ್ನು ಪಂಡಿತರು ತಮ್ಮ ತಮ್ಮಲ್ಲಿ ಹೇಳಿಕೊಳ್ಳುತ್ತಾರೆ. ಎರಡನೆಯದನ್ನು ಭಾಷಣಕಾರರು ವೇದಿಕೆಯ ಮೇಲೆ ಹೇಳುತ್ತಾರೆ. ಒಂದು ತಿರಸ್ಕಾರ, ಇನ್ನೊಂದು ಮುಖಸ್ತುತಿ. ಎರಡರಲ್ಲಿಯೂ ಇರುವ ದೋಷ ಒಂದೇ. ಸಾಮಾನ್ಯನು ನಿಜವಾಗಿ ಏನು ಹೇಳುತ್ತಿದ್ದಾನೆ, ಯಾವ ಆಧಾರದ ಮೇಲೆ ಹೇಳುತ್ತಿದ್ದಾನೆ ಎಂಬುದನ್ನು ಇಬ್ಬರೂ ಕಿವಿಗೊಟ್ಟು ಕೇಳುವುದಿಲ್ಲ. ಆ ಕೇಳುವ ಕೆಲಸವನ್ನು ಈ ಹೊತ್ತು ಸ್ವಲ್ಪಮಟ್ಟಿಗೆ ಮಾಡೋಣ.

ಕೇಳುವುದಕ್ಕೆ ಬೆಂಗಳೂರಿನ ಮಾವಳ್ಳಿ ಒಳ್ಳೆಯ ಸ್ಥಳ. ದೂರದ ರಾಜಕೀಯ ನಮಗೇಕೆ ಎನ್ನುವ ನೆಮ್ಮದಿ ಈ ಭಾಗಕ್ಕೆ ಎಂದೂ ಲಭಿಸಿದುದಲ್ಲ. ಇದರ ಮಗ್ಗುಲಿನ ಲಾಲ್‌ಬಾಗನ್ನು 1760ರಲ್ಲಿ ಹೈದರಾಲಿ ಮಾಡಿಸಲು ತೊಡಗಿದನು. ಇಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಕೋಟೆಯನ್ನು 1791ರ ಮಾರ್ಚಿಯಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಸೈನ್ಯ ಹಿಡಿಯಿತು. ಅದೇ ಕಾರ್ನ್‌ವಾಲಿಸನ ಸೈನ್ಯ ಹತ್ತು ವರ್ಷಗಳ ಹಿಂದೆ, 1781ರಲ್ಲಿ, ಅಮೆರಿಕದ ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್ನನಿಗೆ ಶರಣಾಗಿತ್ತು. ಅಲ್ಲಿ ಸೋತವನು ಇಲ್ಲಿ ಗೆಲ್ಲುವುದಕ್ಕೆ ಬಂದನು. ಪೇಟೆಯ ನೇಕಾರನಿಗೆ ಅಮೆರಿಕವೆಂಬ ದೇಶದ ಹೆಸರು ತಿಳಿದಿರಲಿ ಬಿಡಲಿ, ಅದರ ಚರಿತ್ರೆಯ ಒಂದು ತುಂಡು ಅವನ ಬಾಗಿಲ ಮುಂದೆ ಹಾದುಹೋಯಿತು.

ಈಗಲೂ ಬೆಳಗಿನ ಹೊತ್ತು ಲಾಲ್‌ಬಾಗಿನ ಬಂಡೆಯ ಸುತ್ತ ತಿರುಗಾಡುವ ನಿವೃತ್ತ ಗುಮಾಸ್ತರು, ಉಪಾಧ್ಯಾಯರು, ವರ್ತಕರು ಪ್ರಪಂಚವನ್ನು ಒಂದು ಸುತ್ತು ಹಾಕದೆ ಮನೆಗೆ ಹಿಂದಿರುಗುವುದಿಲ್ಲ. “ಏನು ಸ್ವಾಮಿ, ಯುದ್ಧ ನಿಲ್ಲುತ್ತದೆಯೋ?” “ನಿಲ್ಲುವುದೇನು ರಾಯರೇ, ಮದ್ದುಗುಂಡು ಮಾರುವವನು ನಿಲ್ಲಿಸಬೇಕಲ್ಲ!” ಕ್ಷೌರದಂಗಡಿಯಲ್ಲಿ ಚೀನಾದ ವಿಚಾರ, ಹೂವಿನಂಗಡಿಯಲ್ಲಿ ಚಿನ್ನದ ಧಾರಣೆ ಏಕೆ ಏರಿತೆಂಬ ವಿಚಾರ, ಮಗನನ್ನು ಕ್ಯಾಲಿಫೋರ್ನಿಯಾಕ್ಕೆ ಕಳುಹಿಸಿರುವ ತಾಯಿಗೆ ಅಮೆರಿಕದ ಚುನಾವಣೆಯ ವಿಚಾರ. ಹಳೆಯ ಕಾಲದ ಅನೇಕ ಹೋಟೆಲುಗಳಲ್ಲಿ ‘ಇಲ್ಲಿ ರಾಜಕೀಯ ಮಾತನಾಡಬಾರದು’ ಎಂಬ ಹಲಗೆ ತೂಗುತ್ತಿದ್ದುದನ್ನು ಶ್ರೋತೃಗಳಲ್ಲಿ ಹಿರಿಯರಾದವರು ಬಲ್ಲರು. ಒಂದು ಲೋಟ ಕಾಫಿಗೆ ಒಂದು ಗಂಟೆ ಮೇಜನ್ನು ಹಿಡಿದು ಕೂರುವ ಗಿರಾಕಿಯ ಮೇಲಿನ ಭಯವೂ ಆ ಹಲಗೆಯಲ್ಲಿ ಸೇರಿರಬೇಕು. ಮಾತು ಅಷ್ಟು ಬಲವಾಗಿಲ್ಲದಿದ್ದರೆ ಹಲಗೆಯ ಅವಶ್ಯಕತೆಯೇ ಇರುತ್ತಿರಲಿಲ್ಲ.

ಈ ಮಾತಿಗೆಲ್ಲ ಆಧಾರವೇನು? ಒಂದು ನಿದರ್ಶನವನ್ನು ಮಾವಳ್ಳಿಯಿಂದಲೇ ತೆಗೆದುಕೊಳ್ಳೋಣ. ಉಡುಪಿಯ ಕಡೆಯಿಂದ ಬಂದ ಪರಮೇಶ್ವರ ಮಯ್ಯರೂ ಅವರ ಸಹೋದರರೂ 1924ರಲ್ಲಿ ಇಟ್ಟ ಹೋಟೆಲು ಮುಂದೆ ಮಾವಳ್ಳಿ ಟಿಫನ್ ರೂಮ್ಸ್ ಎಂದು ಹೆಸರಾಯಿತು. ಎರಡನೆಯ ಮಹಾಯುದ್ಧದಲ್ಲಿ, 1942ರ ಮಾರ್ಚಿಯಲ್ಲಿ, ಜಪಾನಿನ ಸೈನ್ಯ ರಂಗೂನನ್ನು ಹಿಡಿಯಿತು. ಅದಕ್ಕೆ ಹಿಂದೆ ಬರ್ಮಾದಿಂದ ಭಾರತಕ್ಕೆ ವರ್ಷಕ್ಕೆ 10 ಲಕ್ಷ ಟನ್ನಿಗೂ ಮಿಕ್ಕಿ ಅಕ್ಕಿ ಬರುತ್ತಿತ್ತು, ಅದು ನಿಂತುಹೋಯಿತು. ಯುದ್ಧಕಾಲದಲ್ಲಿ ಅಕ್ಕಿಗೆ ಅಭಾವವುಂಟಾಗಿ, ಇಡ್ಲಿಯನ್ನು ರವೆಯಿಂದ ಮಾಡಿ ನೋಡಿದೆವು, ರವೆ ಇಡ್ಲಿ ಹುಟ್ಟಿದ್ದು ಹಾಗೆ ಎಂಬುದು ಆ ಹೋಟೆಲಿನವರ ಹೇಳಿಕೆ. ಇಂದು ಅದನ್ನು ರುಚಿಗಾಗಿ ತಿನ್ನುತ್ತೇವೆ. ಅಂದು ತಟ್ಟೆಯ ಮುಂದೆ ಕುಳಿತವನಿಗೆ ಅದು ಯುದ್ಧದ ವರ್ತಮಾನವೇ ಆಗಿತ್ತು. ಭೂಪಟದಲ್ಲಿ ರಂಗೂನು ಎಲ್ಲಿದೆಯೆಂದು ತೋರಿಸಲಾರದವನು ಕೂಡ ರಂಗೂನು ಬಿದ್ದುದನ್ನು ಪಡಿತರದ ಅಂಗಡಿಯ ಮುಂದೆ ನಿಂತು ಅರಿತನು.

ಅಕ್ಕಿ ಏಕಿಲ್ಲ ಎಂದು ಆಗ ಕೇಳಿದವನಿಗೆ ಮೂರು ಉತ್ತರಗಳು ಸಿಗಬಹುದಾಗಿತ್ತು. ಜಪಾನು ದಾರಿ ಕಟ್ಟಿತು ಎಂಬುದು ಒಂದು; ಸರ್ಕಾರ ಸೈನ್ಯಕ್ಕೆ ಸಾಗಿಸಿತು ಎಂಬುದು ಎರಡನೆಯದು; ವರ್ತಕ ಬಚ್ಚಿಟ್ಟ ಎಂಬುದು ಮೂರನೆಯದು. ಯಾರು ಯಾವುದನ್ನು ಆರಿಸಿಕೊಂಡರು ಎಂಬುದು ಅವರು ಮೊದಲಿನಿಂದ ಯಾರನ್ನು ದ್ವೇಷಿಸುತ್ತಿದ್ದರು ಎಂಬುದನ್ನು ಅವಲಂಬಿಸಿರುವುದು ಲೋಕಸ್ವಭಾವ. ಆದರೂ ಅಂಗಡಿಯ ಮುಂದೆ ನಿಂತವನ ಅನುಮಾನವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬರ್ಮಾದ ಅಕ್ಕಿ ನಿಂತ ಮರುವರ್ಷ, 1943ರಲ್ಲಿ, ಬಂಗಾಳದಲ್ಲಿ ಘೋರವಾದ ಕ್ಷಾಮ ಬಂದು ಲಕ್ಷಾಂತರ ಜನ ಸತ್ತರು. ಧಾನ್ಯದ ಕೊರತೆಯೇ ಅದಕ್ಕೆ ಕಾರಣವೆಂದು ಬಹುಕಾಲ ನಂಬಲಾಗಿತ್ತು. ಅಮರ್ತ್ಯ ಸೇನರು 1981ರ ತಮ್ಮ ಗ್ರಂಥದಲ್ಲಿ ಬೇರೆಯ ವಾದವನ್ನು ಮುಂದಿಟ್ಟರು: ಒಟ್ಟು ಧಾನ್ಯ ಅಷ್ಟಾಗಿ ಕಡಮೆಯಾಗಿರಲಿಲ್ಲ, ಯುದ್ಧಕಾಲದ ಬೆಲೆಯೇರಿಕೆಯಲ್ಲಿ ಕೂಲಿಯವನ, ಬೆಸ್ತನ, ಕುಶಲಕರ್ಮಿಯ ಕೊಳ್ಳುವ ಶಕ್ತಿ ನಾಶವಾಯಿತು. ಈ ವಾದವನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಆದರೆ ‘ಅಕ್ಕಿ ಇದೆ, ನಮಗೆ ಎಟುಕುತ್ತಿಲ್ಲ’ ಎಂಬ ಬಡವನ ಗೊಣಗಾಟ ಶಾಸ್ತ್ರದ ವಿಚಾರಣೆಗೆ ಯೋಗ್ಯವಾದ ಮಾತೆಂಬುದು ಇದರಿಂದ ಸಿದ್ಧವಾಗುತ್ತದೆ.

ನಮ್ಮ ಅಭಿಪ್ರಾಯ ಇಷ್ಟು: ಸಾಮಾನ್ಯನು ಪರಿಣಾಮಕ್ಕೆ ಸಾಕ್ಷಿ. ಬೆಲೆ ಏರಿದುದು, ಕೆಲಸ ಹೋದುದು, ಮಗ ದೂರದಲ್ಲಿ ಸಿಕ್ಕಿಕೊಂಡುದು, ಇವಕ್ಕೆ ಅವನಿಗಿಂತ ಉತ್ತಮ ಸಾಕ್ಷಿಯಿಲ್ಲ. ಕಾರಣದ ವಿಷಯದಲ್ಲಾದರೋ ಅವನು ಸಾಕ್ಷಿಯಲ್ಲ. ಅಲ್ಲಿ ಅವನೂ ನಮ್ಮ ನಿಮ್ಮಂತೆ ಕೇಳಿದುದನ್ನು ಹೇಳುವವನು. ಸಾಕ್ಷಿಯ ಕಟ್ಟೆಯಿಂದ ಎದ್ದು ನೇರವಾಗಿ ನ್ಯಾಯಾಧೀಶನ ಪೀಠಕ್ಕೆ ಹೋಗಿ ಕುಳಿತಾಗ ಅನರ್ಥ ಆರಂಭವಾಗುತ್ತದೆ.

ಆ ಅನರ್ಥ ಎಂಥದೆಂಬುದು ನಮ್ಮ ದೇಶದ ಮಕ್ಕಳಿಗೆಲ್ಲ ತಿಳಿದ ಕಥೆಯಲ್ಲಿದೆ. ಅಯೋಧ್ಯೆಯ ಅಗಸನೊಬ್ಬನು ಹೆಂಡತಿಯೊಡನೆ ಜಗಳವಾಡುತ್ತ ಸೀತೆಯ ವಿಷಯವಾಗಿ ಒಂದು ಮಾತನ್ನಾಡಿದನಂತೆ. ಅವನು ಲಂಕೆಯನ್ನು ಕಂಡವನಲ್ಲ. ಅಶೋಕವನದಲ್ಲಿ ಏನು ನಡೆಯಿತೆಂಬುದಕ್ಕೆ ಅವನಲ್ಲಿ ಯಾವ ಆಧಾರವೂ ಇರಲಿಲ್ಲ. ಆಡಿದವನಿಗೆ ಆ ಮಾತಿನಿಂದ ನಷ್ಟವಾಗಲಿಲ್ಲ. ಅವನು ಮರುದಿನ ಎಂದಿನಂತೆ ಬಟ್ಟೆ ಒಗೆದಿರಬೇಕು. ಕಾಡಿಗೆ ಹೋದವಳು ಸೀತೆ. ಸಾಮಾನ್ಯನ ಮಾತಿಗೆ ಬೆಲೆಯಿಲ್ಲವೆನ್ನುವವರು ಈ ಕಥೆಯನ್ನು ಮರೆತಿದ್ದಾರೆ. ಅದಕ್ಕೆ ಬೆಲೆ ಬಹಳವಿದೆ. ಆ ಬೆಲೆಯನ್ನು ತೆರುವವರು ಬೇರೆಯವರಾಗಿರುತ್ತಾರೆ.

ಈ ಕಥೆ ಬಹಳ ಹಳೆಯದಾಯಿತೆಂದು ಯಾರೂ ತಿಳಿಯಬಾರದು. 2022ರ ಫೆಬ್ರವರಿ 24ರಂದು ರಷ್ಯಾದ ಸೈನ್ಯ ಉಕ್ರೇನಿನ ಮೇಲೆ ನುಗ್ಗಿತು. ನಮ್ಮ ದೇಶಕ್ಕೆ ಬರುತ್ತಿದ್ದ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಉಕ್ರೇನಿನದು. ಕೆಲವೇ ದಿನಗಳಲ್ಲಿ ಆ ಯುದ್ಧ ನಮ್ಮ ಬಾಣಲೆಗೆ ಇಳಿಯಿತು. ಅದೇ ಸಮಯದಲ್ಲಿ ನಮ್ಮ ನಾಡಿನ ಎಷ್ಟೋ ಮನೆಯ ಮಕ್ಕಳು ಅಲ್ಲಿ ವೈದ್ಯವಿದ್ಯೆ ಕಲಿಯುತ್ತಿದ್ದರು. ಅವರು ನೆಲಮಾಳಿಗೆಗಳಲ್ಲಿ ಅಡಗಿ ಕುಳಿತಿದ್ದಾಗ ಇಲ್ಲಿ ಬಿಸಿ ಕಾಫಿಯನ್ನು ಮುಂದಿಟ್ಟುಕೊಂಡು, ‘ಇಲ್ಲಿ ಸೀಟು ಸಿಕ್ಕದವರು ಅಲ್ಲಿಗೆ ಹೋಗುತ್ತಾರೆ, ಹೋದದ್ದೇಕೆ?’ ಎಂದು ತೀರ್ಪು ಕೊಟ್ಟವರಿಗೆ ಕೊರತೆಯಿರಲಿಲ್ಲ. ಮಾರ್ಚಿ 1ರಂದು ಖಾರ್ಕಿವ್ ನಗರದಲ್ಲಿ ಆಹಾರ ತರಲು ಹೊರಗೆ ಹೋಗಿದ್ದ ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬನು ಗುಂಡಿನ ದಾಳಿಗೆ ಸಿಕ್ಕಿ ಸತ್ತನು. ಹಿಂದಿನ ದಿನದವರೆಗೆ ಸುಲಭವಾಗಿ ಆಡುತ್ತಿದ್ದ ಮಾತನ್ನು ಅಂದು ಹಲವರು ನುಂಗಿಕೊಂಡರು. ನುಂಗಿಕೊಳ್ಳುವುದಕ್ಕೆ ಒಂದು ಸಾವು ಬೇಕಾಯಿತು ಎಂಬುದೇ ವ್ಯಸನದ ಸಂಗತಿ.

ಹಾಗಾದರೆ ಅಭಿಪ್ರಾಯವನ್ನೆಲ್ಲ ತಿಳಿದವರಿಗೆ ಬಿಟ್ಟು ಸುಮ್ಮನಿರೋಣವೆ? ತಿಳಿದವರ ದಾಖಲೆಯೂ ಅಷ್ಟೇನೂ ಉಜ್ಜ್ವಲವಾಗಿಲ್ಲ. 1938ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಪ್ರಧಾನಿ ಚೇಂಬರ್ಲೇನರು ಮ್ಯೂನಿಕ್ಕಿನಿಂದ ಒಂದು ಕಾಗದವನ್ನು ಹಿಡಿದು ತಂದು, ಶಾಂತಿ ಬಂತೆಂದರು. ಬೀದಿಯಲ್ಲಿ ಜನ ಜಯಕಾರ ಮಾಡಿದರು. ವರ್ಷ ತುಂಬುವುದರೊಳಗೆ ಯುದ್ಧ ಬಂತು. 1942ರ ಏಪ್ರಿಲಿನಲ್ಲಿ ಜಪಾನಿನ ನೌಕಾಬಲ ಬರುತ್ತಿದೆಯೆಂಬ ವರದಿಯನ್ನು ನಂಬಿ ಮದರಾಸಿನ ಸರ್ಕಾರವೇ ಜನರಿಗೆ ಊರು ಬಿಡುವ ಸಲಹೆ ಕೊಟ್ಟಿತು. ಮದರಾಸಿಗೆ ಯಾವ ಸೈನ್ಯವೂ ಇಳಿಯಲಿಲ್ಲ. ಆದುದರಿಂದ ತಪ್ಪುವುದು ಸಾಮಾನ್ಯನೊಬ್ಬನ ಗುತ್ತಿಗೆಯಲ್ಲ. ಅಧಿಕಾರದಲ್ಲಿರುವವನು ತಪ್ಪಿದರೆ ದಾಖಲೆ ಉಳಿಯುತ್ತದೆ, ಯಾರಾದರೂ ಕೇಳುತ್ತಾರೆ. ಹೋಟೆಲಿನಲ್ಲಿ ತಪ್ಪಿದವನು ಮರುದಿನ ಹೊಸ ಅಭಿಪ್ರಾಯದೊಡನೆ ಅದೇ ಮೇಜಿಗೆ ಬರುತ್ತಾನೆ. ವ್ಯತ್ಯಾಸವಿರುವುದು ಅಲ್ಲಿ.

ಸುಮ್ಮನಿರುವುದು ಸಾಧ್ಯವೂ ಅಲ್ಲ, ನ್ಯಾಯವೂ ಅಲ್ಲ. ಬಾಯಿಲ್ಲದಿದ್ದ ಕಾಲವನ್ನು ಮೈಸೂರು ಸೀಮೆಯವರು ಕಂಡಿದ್ದಾರೆ. 1881ರಲ್ಲಿ ರಾಜ್ಯವನ್ನು ಒಡೆಯರ ವಂಶಕ್ಕೆ ಹಿಂದಿರುಗಿಸಿದಾಗ ಪರರಾಜ್ಯಗಳ ವ್ಯವಹಾರವನ್ನೆಲ್ಲ ಬ್ರಿಟಿಷರು ತಮ್ಮ ಕೈಯಲ್ಲಿಯೇ ಇಟ್ಟುಕೊಂಡರು. ಅದೇ ವರ್ಷ ಪ್ರಜಾಪ್ರತಿನಿಧಿ ಸಭೆ ಹುಟ್ಟಿತು. ಯುದ್ಧ ಶಾಂತಿಗಳ ನಿರ್ಧಾರ ಅದರ ಪಾಲಿಗೆ ಬರಲಿಲ್ಲ. ಆದರೂ 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಹಿಡಿಯುವುದಕ್ಕೆ ಕುದುರೆಯೇರಿ ನುಗ್ಗಿದವರಲ್ಲಿ ಮೈಸೂರು ಲ್ಯಾನ್ಸರ್ಸ್ ದಳದವರಿದ್ದರು. ಯಾವ ನೀತಿಗಾಗಿ ಪ್ರಾಣವನ್ನು ಒಡ್ಡಿದರೋ ಆ ನೀತಿಯ ವಿಷಯದಲ್ಲಿ ಅವರನ್ನು ಒಂದು ಮಾತು ಕೇಳಿದವರಿಲ್ಲ. 1939ರ ಸೆಪ್ಟೆಂಬರ್ 3ರಂದು ಭಾರತ ಯುದ್ಧದಲ್ಲಿದೆ ಎಂದು ವೈಸರಾಯರು ಸಾರಿದಾಗಲೂ ಜನಪ್ರತಿನಿಧಿಗಳ ಒಪ್ಪಿಗೆಯನ್ನು ಪಡೆದಿರಲಿಲ್ಲ. ಮಾತಿನ ಹಕ್ಕು ಇಲ್ಲದೆ ಫಲವನ್ನು ಮಾತ್ರ ಉಣ್ಣಬೇಕಾದ ಸ್ಥಿತಿ ಅದು.

ಕೇಳಿದರೆ ಜನ ಹೇಗೆ ಉತ್ತರಿಸುತ್ತಾರೆಂಬುದಕ್ಕೆ ಇಂಗ್ಲೆಂಡಿನಲ್ಲಿ ಒಂದು ದೊಡ್ಡ ಪರೀಕ್ಷೆ ನಡೆಯಿತು. ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಆಕಾಶವಾಣಿಯನ್ನು ಆರಂಭಿಸಿದ 1935ನೆಯ ವರ್ಷವೇ ಅದರ ಫಲ ಹೊರಬಿತ್ತು. ಸ್ವಯಂಸೇವಕರು ಮನೆಮನೆಗೆ ಹೋಗಿ ಐದು ಪ್ರಶ್ನೆಗಳನ್ನು ಕೊಟ್ಟರು. 1 ಕೋಟಿ 10 ಲಕ್ಷಕ್ಕೂ ಮಿಕ್ಕ ಜನ ಉತ್ತರ ಬರೆದರು. ಒಂದು ರಾಷ್ಟ್ರ ಇನ್ನೊಂದರ ಮೇಲೆ ಬಿದ್ದರೆ ವ್ಯಾಪಾರದ ನಿರ್ಬಂಧದಿಂದ ಅದನ್ನು ತಡೆಯಬೇಕೆ ಎಂದಾಗ ಬಹುಸಂಖ್ಯಾತರು ಹೌದೆಂದರು. ಸೈನ್ಯದಿಂದಲೂ ತಡೆಯಬೇಕೆ ಎಂದಾಗ ಹೌದೆಂದವರ ಸಂಖ್ಯೆ ಬಹಳ ಇಳಿಯಿತು. ಇದು ಮೂಢರ ಉತ್ತರವಲ್ಲ. ಎಷ್ಟು ಕಷ್ಟವನ್ನು ತಾವು ಹೊರಲು ಸಿದ್ಧರೆಂಬುದನ್ನು ಅಳೆದು ಹೇಳಿದವರ ಉತ್ತರ. ಅದೇ ಡಿಸೆಂಬರಿನಲ್ಲಿ ಅಬಿಸೀನಿಯಾದ ದೊಡ್ಡ ಭಾಗವನ್ನು ಇಟಲಿಗೆ ಬಿಟ್ಟುಕೊಡುವ ಗುಪ್ತ ಏರ್ಪಾಟು ಬಯಲಾದಾಗ ಜನ ಎಷ್ಟು ಕೆರಳಿದರೆಂದರೆ ವಿದೇಶಾಂಗ ಮಂತ್ರಿ ಸರ್ ಸ್ಯಾಮ್ಯುಯಲ್ ಹೋರರು ರಾಜೀನಾಮೆ ಕೊಡಬೇಕಾಯಿತು. 1936ರ ಮೇ ತಿಂಗಳಲ್ಲಿ ಅಬಿಸೀನಿಯಾದ ರಾಜಧಾನಿ ಇಟಲಿಯ ವಶವಾದುದೂ ನಿಜ. ಜನಾಭಿಪ್ರಾಯ ಮಂತ್ರಿಯನ್ನು ಇಳಿಸಬಲ್ಲದು. ಅದೊಂದರಿಂದಲೇ ದೇಶ ಉಳಿಯದು.

ನಮ್ಮಲ್ಲಿಯೂ 1951–52ರ ಮಹಾಚುನಾವಣೆಯಿಂದ ಮೊದಲ್ಗೊಂಡು ಪ್ರಾಪ್ತವಯಸ್ಕರೆಲ್ಲರಿಗೂ ಮತವಿದೆ. ನಮ್ಮ ಹೆಸರಿನಲ್ಲಿ ನಡೆಯುವ ಸಂಧಿ ವಿಗ್ರಹಗಳಲ್ಲಿ ನಮಗೆ ಪಾಲುಂಟು. ಪಾಲಿರುವಲ್ಲಿ ಹೊಣೆಯೂ ಉಂಟು. ಈ ಹೊಣೆಗೆ ಜನರನ್ನು ಸಿದ್ಧಗೊಳಿಸಬೇಕೆಂದು ಯೋಚಿಸಿದವರು ಮಾವಳ್ಳಿಯ ನೆರೆಯಲ್ಲೇ ಇದ್ದರು. 1945ರಲ್ಲಿ ಡಿ. ವಿ. ಗುಂಡಪ್ಪನವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. ಅದೇ ವರ್ಷ ಬಸವನಗುಡಿಯಲ್ಲಿ ಬಿ. ಪಿ. ವಾಡಿಯಾ ದಂಪತಿಗಳು ವಿಶ್ವಸಂಸ್ಕೃತಿ ಸಂಸ್ಥೆಯನ್ನು ಸ್ಥಾಪಿಸಿದರು. ಎರಡು ಕಡೆಯೂ ಪುಸ್ತಕ ಭಂಡಾರ, ಎರಡು ಕಡೆಯೂ ಉಪನ್ಯಾಸ. ಮಹಾಯುದ್ಧ ಮುಗಿದ ಆ ವರ್ಷದಲ್ಲಿ ಇಂಥ ಎರಡು ಸಂಸ್ಥೆಗಳು ಅಕ್ಕಪಕ್ಕದಲ್ಲಿ ಹುಟ್ಟಿದುದನ್ನು ನೆನೆದರೆ ಈ ಊರಿನ ವಿಷಯದಲ್ಲಿ ಅಭಿಮಾನವುಂಟಾಗುತ್ತದೆ.

ಆದರೆ ಪುಸ್ತಕ ಭಂಡಾರಕ್ಕೆ ಹೋಗುವಷ್ಟು ವಿರಾಮ ಎಲ್ಲರಿಗೂ ಇರದು. ಈಗ ಸುದ್ದಿ ಅಂಗೈಯೊಳಗಿನ ಯಂತ್ರಕ್ಕೇ ಬರುತ್ತದೆ, ಅಭಿಪ್ರಾಯವೂ ಅದರ ಜೊತೆಗೇ ಬೆಂದು ಬಡಿಸಿದಂತೆ ಬರುತ್ತದೆ. ಹೋಟೆಲಿನ ಮೇಜಿಗೆ ಒಂದು ಗುಣವಿತ್ತು: ಎದುರಿಗೆ ಒಬ್ಬರು ಕುಳಿತಿರುತ್ತಿದ್ದರು, ‘ಅದು ನಿಮಗೆ ಹೇಗೆ ಗೊತ್ತು ಸ್ವಾಮಿ?’ ಎಂದು ಕೇಳುತ್ತಿದ್ದರು. ಅಂಗೈಯ ಯಂತ್ರದಲ್ಲಿ ನಮ್ಮ ಮಾತಿಗೆ ತಲೆದೂಗುವವರೇ ಹೆಚ್ಚಾಗಿ ಒದಗುತ್ತಾರೆ. ಆದ ಕಾರಣ ಎದುರಿಗೆ ಕುಳಿತವರ ಪ್ರಶ್ನೆಯನ್ನು ನಾವೇ ಕೇಳಿಕೊಳ್ಳಬೇಕಾಗಿದೆ. ನಾನು ಹೇಳುತ್ತಿರುವುದು ಕಂಡದ್ದೋ ಕೇಳಿದ್ದೋ? ಈ ಮಾತು ನಿಜವಾದರೂ ಸುಳ್ಳಾದರೂ ಅದರ ಫಲವನ್ನು ಉಣ್ಣುವವರು ಯಾರು? ಏನನ್ನು ತೋರಿಸಿದರೆ ನಾನು ಈ ಅಭಿಪ್ರಾಯವನ್ನು ಬಿಡುತ್ತೇನೆ? ಮೂರನೆಯ ಪ್ರಶ್ನೆಗೆ ‘ಏನನ್ನು ತೋರಿಸಿದರೂ ಬಿಡೆ’ ಎಂಬ ಉತ್ತರ ಬಂದರೆ ಅದು ಅಭಿಪ್ರಾಯವಲ್ಲ, ಹಟ.

ಇಷ್ಟನ್ನು ಕೇಳಿಕೊಂಡ ಮೇಲೆ ಧಾರಾಳವಾಗಿ ಮಾತನಾಡೋಣ. ಎಣ್ಣೆಯ ಬೆಲೆ ಏರಿದರೆ ಏರಿತೆಂದು ಗಟ್ಟಿಯಾಗಿ ಹೇಳೋಣ. ಅದಕ್ಕೆ ನಾವು ಸಾಕ್ಷಿಗಳು. ನಮ್ಮ ಹೆಸರಿನಲ್ಲಿ ಇದು ನಡೆಯಬಾರದು ಎನಿಸಿದರೆ ಅದನ್ನೂ ಹೇಳೋಣ. ಅದು ನಮ್ಮ ಹಕ್ಕು. ಕಾಣದ ಊರಿನಲ್ಲಿ ಕಾಣದ ಜನರ ಮೇಲೆ ತೀರ್ಪು ಕೊಡುವ ಮುನ್ನ ಮಾತ್ರ ಒಂದು ಕ್ಷಣ ತಡೆಯೋಣ. ಆ ಊರಿನ ನೆಲಮಾಳಿಗೆಯಲ್ಲಿ ಯಾರ ಮಗ ಕುಳಿತಿದ್ದಾನೋ ನಮಗೆ ತಿಳಿಯದು.