ಗುರುಗಳಿಲ್ಲದ ಇನ್ನೂರು ವರ್ಷಗಳು
(ಶತಮಾನೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಈ ದೇವಾಲಯವನ್ನು ಕಟ್ಟಿಸಿ ಬೆಳೆಸಿದ ಗುರುಗಳನ್ನು ನಮಗಿಂತ ಮೊದಲು ಮಾತನಾಡಿದವರು ಭಕ್ತಿಯಿಂದ ಸ್ಮರಿಸಿದ್ದಾರೆ. ಅದು ಯುಕ್ತವೇ. ಜನಸಾಮಾನ್ಯರ ವಿಶ್ವಾಸವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ನಮಗೆ ಅಪ್ಪಣೆಯಾಗಿದೆ. ಅದಕ್ಕಾಗಿ ಜಪಾನ್ ದೇಶದ ನಾಗಸಾಕಿ ಪಟ್ಟಣಕ್ಕೆ ಸೇರಿದ ಉರಕಾಮಿ ಎಂಬ ಹಳ್ಳಿಯ ರೈತರನ್ನು ಆರಿಸಿಕೊಂಡಿದ್ದೇವೆ. ನಾಡು ದೂರದ್ದಾದರೂ ನಂಟು ಹಳೆಯದು. ಗೋವೆಯಿಂದ ಹೊರಟ ಸಂತ ಫ್ರಾನ್ಸಿಸ್ ಕ್ಸೇವಿಯರ್ 1549ರ ಆಗಸ್ಟ್ 15ರಂದು ಅಲ್ಲಿನ ಕಾಗೋಶಿಮಾದಲ್ಲಿ ಇಳಿದರು. ನಮ್ಮ ದೇಶದ ವಸಾಯಿಯಲ್ಲಿ ಜನಿಸಿದ ಸಂತ ಗೊನ್ಸಾಲೊ ಗಾರ್ಸಿಯಾ 1597ರಲ್ಲಿ ಇಪ್ಪತ್ತೈದು ಮಂದಿ ಸಂಗಡಿಗರೊಡನೆ ನಾಗಸಾಕಿಯಲ್ಲಿ ಶಿಲುಬೆಗೇರಿ ರಕ್ತಸಾಕ್ಷಿಯಾದರು.

1614ರಲ್ಲಿ ಅಲ್ಲಿನ ಪ್ರಭುತ್ವವು ದೇಶದಾದ್ಯಂತ ಕ್ರೈಸ್ತಧರ್ಮವನ್ನು ನಿಷೇಧಿಸಿತು. ಗುರುಗಳನ್ನು ಹೊರಗಟ್ಟಿದರು, ಅಡಗಿ ಉಳಿದವರನ್ನು ಹುಡುಕಿ ಕೊಂದರು. 1640ರ ದಶಕ ಮುಗಿಯುವ ಮುನ್ನವೇ ಆ ನಾಡಿನಲ್ಲಿ ಬಲಿಪೂಜೆ ಅರ್ಪಿಸುವ ಕೈಗಳೇ ಇಲ್ಲವಾದವು. ಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ಅಂತ್ಯಾಭ್ಯಂಗವಿಲ್ಲ. ಇನ್ನು ಉಳಿದದ್ದೇನು?

ಉಳಿದದ್ದು ಜ್ಞಾನಸ್ನಾನ ಮತ್ತು ಪ್ರಾರ್ಥನೆ. ಹಳ್ಳಿಯವರು ತಮ್ಮಲ್ಲೇ ಕೆಲಸವನ್ನು ಹಂಚಿಕೊಂಡರು. ಹಬ್ಬಹರಿದಿನಗಳ ಲೆಕ್ಕವಿಡಲು ಒಬ್ಬ, ಶಿಶುಗಳಿಗೆ ಜ್ಞಾನಸ್ನಾನ ಕೊಡಲು ಒಬ್ಬ, ಮನೆಮನೆಗೆ ಸುದ್ದಿ ಮುಟ್ಟಿಸಲು ಇನ್ನೊಬ್ಬ. ಇವರಾರೂ ಪಂಡಿತರಲ್ಲ, ಗದ್ದೆ ಉತ್ತು, ಮೀನು ಹಿಡಿದು ಬದುಕಿದವರು. ಜ್ಞಾನಸ್ನಾನದ ವಾಕ್ಯವು ಅಜ್ಜನಿಂದ ಮೊಮ್ಮಗನಿಗೆ, ಬಾಯಿಯಿಂದ ಕಿವಿಗೆ, ಏಳೆಂಟು ತಲೆಮಾರು ಸಾಗಿಬಂದಿತು. ಪ್ರಾಣಾಪಾಯದ ಸಮಯದಲ್ಲಿ ಶಿಶುವಿಗೆ ಜ್ಞಾನಸ್ನಾನ ಕೊಡುವ ಕ್ರಮ ಇಂದು ನಮ್ಮಲ್ಲಿ ಎಷ್ಟು ಮನೆಗಳಲ್ಲಿ ತಿಳಿದಿದೆಯೋ, ಉಪದೇಶಿಗಳೇ ಹೇಳಬೇಕು.

ಇಲ್ಲಿ ಒಂದು ಕಠಿಣ ವಿಷಯವನ್ನು ಮುಚ್ಚಿಡಲಾಗದು. ನಾಗಸಾಕಿಯಲ್ಲಿ ವರ್ಷಕ್ಕೊಮ್ಮೆ ಅಧಿಕಾರಿಗಳು ಕ್ರಿಸ್ತನ ಇಲ್ಲವೆ ದೇವಮಾತೆಯ ಬಿಂಬವನ್ನು ನೆಲದ ಮೇಲಿಟ್ಟು, ಪ್ರತಿಯೊಬ್ಬನೂ ಅದನ್ನು ತುಳಿಯುವಂತೆ ಮಾಡುತ್ತಿದ್ದರು. ಒಲ್ಲೆನೆಂದು ಪ್ರಾಣತೆತ್ತವರು ಅನೇಕರು. ತುಳಿದು ಮನೆಗೆ ಬಂದು, ಬಾಗಿಲು ಹಾಕಿಕೊಂಡು, ಪಶ್ಚಾತ್ತಾಪದ ಜಪವನ್ನು ಹೇಳಿಕೊಂಡವರೂ ಅನೇಕರು. ಆ ಜಪವೂ ಅವರ ಹಿರಿಯರು ಕಲಿಸಿದ್ದೇ. ಇವರನ್ನು ಹೇಡಿಗಳೆಂದು ಕರೆಯುವವರಿದ್ದಾರೆ. ನಮಗೆ ಹಾಗೆ ಕರೆಯಲು ಬಾಯಿ ಬರುವುದಿಲ್ಲ. ಪೇತ್ರನು ಮೂರು ಸಲ ಅರಿಯೆನೆಂದನು, ಹೊರಗೆ ಹೋಗಿ ಅತ್ತನು. ಆತನಿಗೇ ಪ್ರಭು ತನ್ನ ಕುರಿಗಳನ್ನು ಒಪ್ಪಿಸಿದನಲ್ಲವೇ? ಹೀಗೆ ಅತ್ತವರ ಮಕ್ಕಳೇ ವಿಶ್ವಾಸವನ್ನು ಮುಂದಕ್ಕೆ ಕೊಂಡೊಯ್ದರು.

1865ರಲ್ಲಿ, ವಿದೇಶೀಯರ ಉಪಯೋಗಕ್ಕೆಂದು ನಾಗಸಾಕಿಯ ಓಉರಾದಲ್ಲಿ ಒಂದು ದೇವಾಲಯ ಎದ್ದಿತು. ಅಲ್ಲಿದ್ದವರು ಬರ್ನಾರ್ಡ್ ಪೆತಿಜಾನ್ ಎಂಬ ಫ್ರೆಂಚ್ ಗುರುಗಳು. ನಮ್ಮ ಮೈಸೂರು ಸೀಮೆಗೂ ಗುರುಗಳನ್ನು ಕಳುಹಿಸಿದ ಪ್ಯಾರಿಸ್ಸಿನ ವಿದೇಶ ಮಿಷನ್ ಸಂಸ್ಥೆಗೆ ಸೇರಿದವರು. ಮಾರ್ಚ್ 17ರಂದು ಉರಕಾಮಿಯ ಹತ್ತು ಹದಿನೈದು ಮಂದಿ ಬಾಗಿಲ ಬಳಿ ನಿಂತಿದ್ದರು. ಗುರುಗಳು ಒಳಕ್ಕೆ ಕರೆದೊಯ್ದು ಪೀಠದ ಮುಂದೆ ಮೊಣಕಾಲೂರಿದರು. ಆಗ ಒಬ್ಬ ಹೆಂಗಸು ಬಳಿಗೆ ಬಂದು, ತಮ್ಮೆಲ್ಲರ ಹೃದಯವೂ ಅವರ ಹೃದಯವೂ ಒಂದೇ ಎಂದು ಪಿಸುನುಡಿದಳು. ಮರಿಯಮ್ಮನವರ ಪ್ರತಿಮೆ ಎಲ್ಲಿದೆಯೆಂದು ಕೇಳಿದಳು. ಅಂದು ದುಃಖಕಾಲದ ಹದಿನೇಳನೆಯ ದಿನವೆಂದೂ ಅವರು ತಿಳಿಸಿದರು. ಆ ವರ್ಷ ವಿಭೂತಿ ಬುಧವಾರ ಬಂದದ್ದು ಮಾರ್ಚ್ 1ರಂದು. ರೋಮಾಪುರಿಯ ಲೆಕ್ಕಕ್ಕೂ ಹಳ್ಳಿಗನ ಲೆಕ್ಕಕ್ಕೂ ಒಂದು ದಿನದ ವ್ಯತ್ಯಾಸವೂ ಇರಲಿಲ್ಲ! ಬರುವ ಗುರುಗಳಿಗೆ ಹೆಂಡಿರು ಮಕ್ಕಳು ಇದ್ದಾರೆಯೇ ಎಂದೂ ಆ ಜನ ವಿಚಾರಿಸಿ ನೋಡಿದರಂತೆ. ಮೋಸಹೋಗುವ ಜನರಲ್ಲ.

ಕಷ್ಟ ಅಲ್ಲಿಗೇ ತೀರಲಿಲ್ಲ. ಸತ್ತವರಿಗೆ ಬೌದ್ಧ ಮಂದಿರದ ಉತ್ತರಕ್ರಿಯೆ ಒಲ್ಲೆವೆಂದು 1867ರಲ್ಲಿ ಅವರು ಬಹಿರಂಗವಾಗಿಯೇ ಹೇಳಿದರು. ಸೆರೆಮನೆ ಕಾದಿತ್ತು. ಸುಮಾರು 3,400 ಮಂದಿಯನ್ನು, ಹೆಂಗಸರು ಮಕ್ಕಳೆನ್ನದೆ, ದೂರದೂರದ ಸೀಮೆಗಳಿಗೆ ಗಡೀಪಾರು ಮಾಡಿದರು. ತ್ಸುವಾನೊ ಎಂಬಲ್ಲಿ ಚಳಿಗಾಲದ ಕೊಳದಲ್ಲಿ ಮುಳುಗಿಸಿದರು, ನಿಲ್ಲಲಾಗದಂಥ ಪಂಜರದಲ್ಲಿ ಕೂಡಿಹಾಕಿದರು. ಆರು ನೂರಕ್ಕೂ ಮಿಕ್ಕ ಜನ ಅಲ್ಲಲ್ಲೇ ತೀರಿಕೊಂಡರು. 1873ರಲ್ಲಿ ನಿಷೇಧ ತೆರವಾದಾಗ ಉಳಿದವರು ಊರಿಗೆ ಮರಳಿದರು.

ಮರಳಿದವರು ಬಡವರು. ಆದರೂ ಕಾಸಿಗೆ ಕಾಸು ಸೇರಿಸಿ ಒಂದು ಜಾಗ ಕೊಂಡರು. ಯಾವ ಜಾಗ? ಹಳ್ಳಿಯ ಮುಖಂಡನ ಮನೆಯಿದ್ದ ನಿವೇಶನ, ವರುಷ ವರುಷವೂ ತಾವೂ ತಮ್ಮ ಹಿರಿಯರೂ ಪವಿತ್ರ ಬಿಂಬವನ್ನು ತುಳಿಯಬೇಕಾಗಿದ್ದ ಆ ಅಂಗಳ. ಅಲ್ಲಿಯೇ 1895ರಲ್ಲಿ ದೇವಾಲಯದ ಕೆಲಸ ಹಿಡಿದು 1914ರಲ್ಲಿ ಪ್ರತಿಷ್ಠಾಪಿಸಿದರು. ಹಣ ಸಾಲದೆ ಕಟ್ಟಡ ನಿಂತು ನಿಂತು ಎದ್ದ ಕಥೆಯನ್ನು ಈ ಸಭೆಯಲ್ಲಿರುವ ಹಿರಿಯರಿಗೆ ವಿವರಿಸಬೇಕಾಗಿಲ್ಲ.

1945ರ ಆಗಸ್ಟ್ 9ರಂದು ಅಣುಬಾಂಬು ಬಿದ್ದದ್ದು ಅಲ್ಲಿಂದ ಅರ್ಧ ಕಿಲೋಮೀಟರಿನಷ್ಟು ದೂರದಲ್ಲಿ. ದೇವಮಾತೆಯ ಸ್ವರ್ಗಾರೋಹಣದ ಹಬ್ಬಕ್ಕೆ ಸಿದ್ಧರಾಗಲು ಪಾಪನಿವೇದನೆಗೆ ಬಂದಿದ್ದವರೂ ಗುರುಗಳೂ ಒಟ್ಟಿಗೇ ಮಡಿದರು. ಧರ್ಮಕೇಂದ್ರದ ಹನ್ನೆರಡು ಸಾವಿರ ಮಂದಿಯಲ್ಲಿ ಎಂಟೂವರೆ ಸಾವಿರದಷ್ಟು ಜನ ಇಲ್ಲವಾದರು. ಏಕೆ ಹೀಗಾಯಿತೆಂದು ನಮ್ಮನ್ನು ಕೇಳಬೇಡಿರಿ. ಉಳಿದವರು ಅವಶೇಷಗಳಡಿಯಿಂದ ಒಂದು ಗಂಟೆಯನ್ನು ಅಗೆದು ತೆಗೆದು, ಆ ವರ್ಷದ ಕ್ರಿಸ್ತಜಯಂತಿಯ ಹಿಂದಿನ ರಾತ್ರಿ ಮರದ ತೊಲೆಗಳಿಗೆ ತೂಗುಹಾಕಿ ಬಾರಿಸಿದರು. ಹೊಸ ದೇವಾಲಯವು ಅದೇ ನೆಲದಲ್ಲಿ 1959ರಲ್ಲಿ ಮುಗಿಯಿತು.